ಮೊಬೈಲ್‌ನಲ್ಲಿ ಗಳಿಸಿದ ಸಣ್ಣ ಹಣ ಯಾರ ಆದಾಯ?

ದ್ವಿತೀಯ ಪಿಯುಸಿ, ವಾಣಿಜ್ಯ ವಿಭಾಗ

ನಮ್ಮ ತರಗತಿಯ ವಾಟ್ಸಾಪ್ ಗುಂಪಿನಲ್ಲಿ ನೋಟ್ಸಿಗಿಂತ ಹೆಚ್ಚು ಓಡಾಡುವುದು ರೆಫರಲ್ ಲಿಂಕುಗಳು. ಸರ್ವೆ ತುಂಬಿದರೆ ಪಾಯಿಂಟ್, ಆ್ಯಪ್ ಇಳಿಸಿಕೊಂಡರೆ ಪಾಯಿಂಟ್, ಜಾಹೀರಾತು ಕೊನೆಯವರೆಗೆ ನೋಡಿದರೆ ಪಾಯಿಂಟ್, ಗೆಳತಿಯನ್ನು ಸೇರಿಸಿದರೆ ನೇರವಾಗಿ ರೂಪಾಯಿ. ಕೂಡಿದ ಪಾಯಿಂಟು ಕೊನೆಗೆ ಗಿಫ್ಟ್ ವೋಚರ್ ಆಗುತ್ತದೆ, ಇಲ್ಲವೇ ಯುಪಿಐ ಮೂಲಕ ಖಾತೆಗೆ ಬರುತ್ತದೆ. ಪ್ರಥಮ ಪಿಯುಸಿಗೆ ಸೇರುವ ಮೊದಲಿನಿಂದಲೂ ನಾನು ಇದನ್ನು ಮಾಡುತ್ತಿದ್ದೇನೆ. ಈ ದುಡ್ಡಿಗೂ ಆದಾಯ ತೆರಿಗೆಗೂ ಸಂಬಂಧ ಇದೆ ಎಂದು ಗೊತ್ತಾದದ್ದು ಮಾತ್ರ ಈ ವರ್ಷ, ಅದೂ ಅಬ್ಬಾ ಅವರ ಪಕ್ಕದಲ್ಲಿ ಆಡಿಟರ್ ಕಚೇರಿಯಲ್ಲಿ ಕೂತಿದ್ದಾಗ.

ಅಬ್ಬಾ ಟೈಲ್ಸ್ ಶೋರೂಮಿನಲ್ಲಿ ಸೂಪರ್‌ವೈಸರ್. ಆಪಾ ಅವರ ನರ್ಸಿಂಗ್ ಕೋರ್ಸಿಗೆ ಬ್ಯಾಂಕಿನಲ್ಲಿ ಸಾಲ ಕೇಳಬೇಕಿತ್ತು. ಆದಾಯದ ಕಾಗದಪತ್ರ ಸರಿ ಮಾಡಿಸಲು ಶೋರೂಮಿನ ಲೆಕ್ಕ ನೋಡುವ ಆಡಿಟರ್ ಹತ್ತಿರ ಹೋದೆವು. ಅಬ್ಬಾ ಕನ್ನಡ ಮಾತಾಡುತ್ತಾರೆ, ಆದರೆ ಓದಲು ತಡವರಿಸುತ್ತಾರೆ. ಹಾಗಾಗಿ ಫೈಲ್ ಹಿಡಿದುಕೊಂಡು ನಾನೂ ಹೋಗಿದ್ದೆ. ಆಡಿಟರ್ ಸಂಬಳದ ಪ್ರಮಾಣಪತ್ರ ನೋಡಿ, "ಸಾಹೇಬ್ರೆ, ನಿಮಗೆ ರಿಟರ್ನ್ ಹಾಕೋ ಅಗತ್ಯ ಇಲ್ಲ, ಮಿತಿಯೊಳಗೇ ಇದೀರಿ. ಮನೇಲಿ ಬೇರೆ ಯಾರಿಗಾದ್ರೂ ಆದಾಯ ಇದ್ಯಾ? ಸಣ್ಣ ಮಕ್ಕಳ ಹೆಸರಲ್ಲಿ ಏನಾದ್ರೂ?" ಎಂದು ಕೇಳಿದರು. ಅಬ್ಬಾ ಇಲ್ಲ ಎಂದರು. ನಾನು "ಇದೆ ಸರ್" ಎಂದೆ.

ಎಷ್ಟು ಎಂದು ಕೇಳಿದಾಗ ನನ್ನ ಬಳಿ ಉತ್ತರ ಇತ್ತು, ಅದೊಂದು ಪುಣ್ಯ. ಅಕೌಂಟೆನ್ಸಿ ಕಲಿಯತೊಡಗಿದ ಮೇಲೆ ಹುಮ್ಮಸ್ಸಿನಲ್ಲಿ ನನ್ನ ಗಳಿಕೆಗೂ ಒಂದು ನೋಟ್‌ಬುಕ್ ಇಟ್ಟು, ಹಳೆಯ ಮೆಸೇಜುಗಳನ್ನು ನೋಡಿ ಹಿಂದಿನದನ್ನೂ ತುಂಬಿಸಿದ್ದೆ. 2025ರ ಏಪ್ರಿಲ್‌ನಿಂದ 2026ರ ಮಾರ್ಚ್‌ವರೆಗೆ ಸರ್ವೆಗಳಿಂದ 8,940 ರೂಪಾಯಿ, ರೆಫರಲ್‌ನಿಂದ 13,500. ಒಟ್ಟು 22,440. ಮೊತ್ತ ಕೇಳಿ ಅಬ್ಬಾ ನನ್ನ ಕಡೆ ತಿರುಗಿ ನೋಡಿದರು. ಅಮ್ಮಿಗೆ ಗೊತ್ತಿತ್ತು, ಅವರಿಗೆ ಗೊತ್ತಿರಲಿಲ್ಲ.

ಆ ದಿನ ಕಲಿತದ್ದನ್ನೂ ಆಮೇಲೆ ನಮ್ಮ ಅಕೌಂಟೆನ್ಸಿ ಸರ್ ಹತ್ತಿರ ಕೇಳಿ ಖಚಿತ ಮಾಡಿಕೊಂಡದ್ದನ್ನೂ ಇಲ್ಲಿ ಬರೆಯುತ್ತಿದ್ದೇನೆ. ಅಬ್ಬಾ ಅವರ ಅನುಮತಿ ಪಡೆದಿದ್ದೇನೆ. ಅವರ ಸಂಬಳವನ್ನು ಮಾತ್ರ ಲೆಕ್ಕ ಸುಲಭವಾಗಲಿ ಎಂದು ದುಂಡಗಿನ ಅಂಕಿಗೆ ತಂದಿದ್ದೇನೆ.

ಮೊದಲು ನಮ್ಮೆಲ್ಲರ ತಲೆಯಲ್ಲಿರುವ ಒಂದು ತಪ್ಪು. "ಐದು ಸಾವಿರದೊಳಗೆ ಇದ್ದರೆ ಹೇಳಬೇಕಿಲ್ಲ", "ಇಪ್ಪತ್ತು ಸಾವಿರದವರೆಗೆ ಫ್ರೀ" ಎಂದು ಒಬ್ಬೊಬ್ಬರು ಒಂದೊಂದು ಸಂಖ್ಯೆ ಹೇಳುತ್ತಾರೆ. ಆದಾಯ ತೆರಿಗೆ ಕಾಯ್ದೆಯಲ್ಲಿ ಇಂಥ ಗಳಿಕೆಗೆ ಅಂತ ಬೇರೆ ಮಿತಿ ಇಲ್ಲ. ಹತ್ತು ರೂಪಾಯಿ ಬಂದರೂ ಅದು ಆದಾಯವೇ. ಮಿತಿ ಇರುವುದು ಒಬ್ಬ ವ್ಯಕ್ತಿಯ ಇಡೀ ವರ್ಷದ ಒಟ್ಟು ಆದಾಯಕ್ಕೆ. 2025-26ನೇ ಸಾಲಿಗೆ ಹೊಸ ತೆರಿಗೆ ಪದ್ಧತಿಯಲ್ಲಿ ಆ ಮಿತಿ 4 ಲಕ್ಷ ರೂಪಾಯಿ. ಯೂಟ್ಯೂಬ್‌ನಲ್ಲಿ ಅಮೆರಿಕದವರು ಹೇಳುವ 600 ಡಾಲರ್, ಬ್ರಿಟನ್ನಿನವರು ಹೇಳುವ 1,000 ಪೌಂಡ್, ಇವೆಲ್ಲ ಅವರವರ ದೇಶದ ನಿಯಮಗಳು. ನಮಗೆ ಅನ್ವಯಿಸುವುದಿಲ್ಲ.

ಹಾಗಾದರೆ ಆ ಇಪ್ಪತ್ತು ಸಾವಿರ ಎಲ್ಲಿಂದ ಬಂತು? ಅದು ಟಿಡಿಎಸ್ ಮಿತಿ. ಕಂಪನಿಯೊಂದು ಒಬ್ಬರಿಗೆ ಒಂದು ವರ್ಷದಲ್ಲಿ 20,000 ರೂಪಾಯಿಗಿಂತ ಹೆಚ್ಚು ಕಮಿಷನ್ ಕೊಟ್ಟರೆ ಅದರಲ್ಲಿ ಶೇ. 2 ಹಿಡಿದುಕೊಂಡು ಸರ್ಕಾರಕ್ಕೆ ಕಟ್ಟಬೇಕು. ರೆಫರಲ್ ಹಣ ಕಮಿಷನ್ ಲೆಕ್ಕಕ್ಕೆ ಬಂದರೆ ಈ ನಿಯಮ ಬೀಳುತ್ತದೆ. ಪ್ಯಾನ್ ಕೊಡದಿದ್ದರೆ ಶೇ. 2ರ ಬದಲು ಶೇ. 20 ಹಿಡಿಯುತ್ತಾರೆ. ನನ್ನ 13,500 ಮಿತಿಯೊಳಗಿತ್ತು, ಹಾಗಾಗಿ ಏನೂ ಹಿಡಿಯಲಿಲ್ಲ. ಆದರೆ ಗಮನಿಸಿ, ಇದು ಕೊಡುವವರಿಗೆ ಇರುವ ನಿಯಮ. ಅವರು ಹಿಡಿಯಲಿಲ್ಲ ಎಂದರೆ ಪಡೆದವರ ಲೆಕ್ಕದಿಂದ ಅದು ಮಾಯವಾಗುವುದಿಲ್ಲ. ಹಿಡಿದರು ಎಂದರೆ ತೆರಿಗೆ ಮುಗಿಯಿತು ಎಂದೂ ಅಲ್ಲ. ಬೇಕಾದದ್ದಕ್ಕಿಂತ ಹೆಚ್ಚು ಹಿಡಿದಿದ್ದರೆ ರಿಟರ್ನ್ ಸಲ್ಲಿಸಿದವರಿಗೆ ಮಾತ್ರ ಅದು ಮರಳಿ ಬರುತ್ತದೆ.

ಇನ್ನು ಎರಡನೆಯ ತಪ್ಪು. ಇದು ನನ್ನದೇ ಸ್ವಂತದ್ದು. ನನಗೆ ಹದಿನೇಳು ವರ್ಷ. ನನ್ನ ಹೆಸರಿನಲ್ಲಿ ಯುಪಿಐ ಇಲ್ಲ. ನಾನು ಸೇರಿದ ತಾಣದಲ್ಲಿ ಹದಿನಾರು ತುಂಬಿದ್ದರೆ ಸಾಕಿತ್ತು, ಆದರೆ ಹಣ ತೆಗೆಯಲು ಮನೆಯ ಹಿರಿಯರ ಬ್ಯಾಂಕ್ ಖಾತೆ ಕೊಡಬೇಕಿತ್ತು. ಅಮ್ಮಿ ಅವರ ಖಾತೆ ಕೊಟ್ಟೆ. ಅಮ್ಮಿಗೆ ಬೇರೆ ಆದಾಯ ಇಲ್ಲ. 22,440 ಎಲ್ಲಿ, 4 ಲಕ್ಷ ಎಲ್ಲಿ! ಆದ್ದರಿಂದ ಚಿಂತೆಯೇ ಇಲ್ಲ ಎಂದುಕೊಂಡಿದ್ದೆ. ಆಡಿಟರ್ ಮುಂದೆಯೂ ಇದನ್ನೇ ಜಾಣತನದಿಂದ ಹೇಳಿದೆ. ಅವರು ನಕ್ಕು, "ದುಡ್ಡು ಯಾರ ಖಾತೆಗೆ ಬಂತು ಅಂತ ಕಾಯ್ದೆ ಕೇಳಲ್ಲಮ್ಮ, ದುಡಿದವರು ಯಾರು ಅಂತ ಕೇಳುತ್ತೆ" ಎಂದರು.

ದುಡಿದವಳು ನಾನು. ಆದರೆ ನಾನು ಅಪ್ರಾಪ್ತಳು. 1961ರ ಆದಾಯ ತೆರಿಗೆ ಕಾಯ್ದೆಯ 64ನೇ ಸೆಕ್ಷನ್ ಪ್ರಕಾರ ಹದಿನೆಂಟು ತುಂಬದ ಮಕ್ಕಳ ಆದಾಯವನ್ನು ತಂದೆ ಅಥವಾ ತಾಯಿಯ ಆದಾಯಕ್ಕೆ ಕೂಡಿಸಬೇಕು. ಇಬ್ಬರಲ್ಲಿ ಯಾರ ಆದಾಯ ಹೆಚ್ಚೋ ಅವರಿಗೆ. ಆಡಿಟರ್‌ಗಳು ಇದನ್ನು ಕ್ಲಬ್ಬಿಂಗ್ ಎನ್ನುತ್ತಾರೆ. ಶ್ರೀಮಂತರು ತಮ್ಮ ಆದಾಯವನ್ನು ಮಕ್ಕಳ ಹೆಸರಿಗೆ ಹಂಚಿ ತೆರಿಗೆ ತಪ್ಪಿಸದಿರಲಿ ಎಂದು ಮಾಡಿದ ನಿಯಮ ಇದು. ಅವರಿಗಾಗಿ ಹಾಕಿದ ಬೇಲಿಯಲ್ಲಿ ನಮ್ಮಂಥವರ ಸರ್ವೆ ಪಾಯಿಂಟೂ ಸಿಕ್ಕಿಕೊಳ್ಳುತ್ತದೆ. ಅಂದರೆ ಅಮ್ಮಿ ಖಾತೆಗೆ ಬಂದ ನನ್ನ ಹಣ ಕಾಗದದಲ್ಲಿ ಅಬ್ಬಾ ಅವರ ಆದಾಯ.

ಈಗ ಲೆಕ್ಕ ನೋಡಿ. ಅಬ್ಬಾ ಅವರ ಸಂಬಳ ತಿಂಗಳಿಗೆ 38,000, ವರ್ಷಕ್ಕೆ 4,56,000. ಹೊಸ ಪದ್ಧತಿಯಲ್ಲಿ ಸಂಬಳದಾರರಿಗೆ 75,000 ರೂಪಾಯಿ ಸ್ಟ್ಯಾಂಡರ್ಡ್ ಡಿಡಕ್ಷನ್ ಇದೆ. ಅದನ್ನು ಕಳೆದರೆ 3,81,000. ಇದು 4 ಲಕ್ಷದೊಳಗೆ ಇದೆ, ರಿಟರ್ನ್ ಕಡ್ಡಾಯವಲ್ಲ. ಇದಕ್ಕೆ ನನ್ನ 22,440 ಸೇರಿಸಿದರೆ 4,03,440. ಮಿತಿ ದಾಟಿತು, 3,440 ರೂಪಾಯಿಯಿಂದ.

ನನ್ನ ಎದೆ ಹೊಡೆದುಕೊಳ್ಳತೊಡಗಿತು. ನನ್ನಿಂದ ಅಬ್ಬಾ ತೆರಿಗೆ ಕಟ್ಟಬೇಕಾಯಿತೇ? ಆಡಿಟರ್ ಕ್ಯಾಲ್ಕುಲೇಟರ್ ಒತ್ತಿದರು. 3,440ರ ಮೇಲೆ ಶೇ. 5, ಅಂದರೆ 172 ರೂಪಾಯಿ. ಆದರೆ ಹೊಸ ಪದ್ಧತಿಯಲ್ಲಿ 12 ಲಕ್ಷದವರೆಗೆ ಆದಾಯ ಇರುವವರಿಗೆ ಸೆಕ್ಷನ್ 87ಎ ಪ್ರಕಾರ ತೆರಿಗೆಯಲ್ಲಿ ರಿಯಾಯಿತಿ ಇದೆ. ಆ 172 ಪೂರ್ತಿ ಬಿಟ್ಟುಹೋಗುತ್ತದೆ. ತೆರಿಗೆ ಸೊನ್ನೆ.

ಸೊನ್ನೆ ಎಂದ ಮೇಲೆ ಮುಗಿಯಿತಲ್ಲ ಎಂದುಕೊಂಡೆ. ಇಲ್ಲ. ನಮ್ಮಲ್ಲಿ ದೊಡ್ಡವರಿಗೂ ಗೊಂದಲ ಇರುವುದು ಇಲ್ಲಿಯೇ. "ಹನ್ನೆರಡು ಲಕ್ಷದವರೆಗೆ ತೆರಿಗೆ ಇಲ್ಲ" ಎಂದು ಟಿವಿಯಲ್ಲಿ ಕೇಳಿ ಹನ್ನೆರಡು ಲಕ್ಷದವರೆಗೆ ರಿಟರ್ನೂ ಬೇಡ ಎಂದುಕೊಂಡಿರುತ್ತಾರೆ. ರಿಟರ್ನ್ ಸಲ್ಲಿಸಬೇಕೋ ಬೇಡವೋ ಎಂಬುದು ತೆರಿಗೆ ಎಷ್ಟು ಬಂತು ಎಂಬುದರ ಮೇಲೆ ನಿಂತಿಲ್ಲ. ಒಟ್ಟು ಆದಾಯ 4 ಲಕ್ಷ ದಾಟಿತೇ ಎಂಬುದರ ಮೇಲೆ ನಿಂತಿದೆ. ರಿಯಾಯಿತಿ ಸಿಗುವುದೂ ಲೆಕ್ಕ ತೋರಿಸಿದ ಮೇಲೆ. ಸಂಬಳದವರಿಗೆ ಸಾಮಾನ್ಯವಾಗಿ ಜುಲೈ 31 ಕೊನೆಯ ದಿನ. ಅದು ತಪ್ಪಿದರೆ ಡಿಸೆಂಬರ್ 31ರವರೆಗೆ ತಡವಾಗಿ ಸಲ್ಲಿಸಬಹುದು, ಆದರೆ ವಿಳಂಬ ಶುಲ್ಕ ಕಟ್ಟಬೇಕು. 5 ಲಕ್ಷದೊಳಗಿನ ಆದಾಯದವರಿಗೆ ಅದು 1,000 ರೂಪಾಯಿ, ಅದಕ್ಕಿಂತ ಹೆಚ್ಚಿನವರಿಗೆ 5,000. ಅಂದರೆ ಒಂದು ರೂಪಾಯಿ ತೆರಿಗೆ ಇಲ್ಲದ ಅಬ್ಬಾ ಅವರಿಗೆ, ನಾನು ಬಾಯಿ ಮುಚ್ಚಿಕೊಂಡಿದ್ದರೆ, ಸಾವಿರ ರೂಪಾಯಿ ದಂಡ ಬೀಳುವ ಸಾಧ್ಯತೆ ಇತ್ತು. ಯಾಕೆ ಬಿತ್ತು ಎಂಬುದೂ ಅವರಿಗೆ ಗೊತ್ತಾಗುತ್ತಿರಲಿಲ್ಲ.

ಇನ್ನೊಂದು ಮಾತು ಹೇಳಲೇಬೇಕು. ನನ್ನ ಸರ್ವೆ ಹಣ 8,940 ಮಾತ್ರ ಇದ್ದಿದ್ದರೆ ಒಟ್ಟು 3,89,940 ಆಗುತ್ತಿತ್ತು, ಮಿತಿಯೊಳಗೆ. ಮಿತಿ ದಾಟಿಸಿದ್ದು ರೆಫರಲ್. ಖಾಲಾ ಮಗಳ ಮದುವೆಯಲ್ಲಿ ಹೆಣ್ಣುಮಕ್ಕಳ ಕಡೆಯ ಪಂಡಾಲಿನಲ್ಲಿ ಕೂತು 31 ಜನರ ಮೊಬೈಲಿಗೆ ಲಿಂಕ್ ಕಳಿಸಿದ್ದೆ, ತಲೆಗೆ 150ರಂತೆ 4,650 ರೂಪಾಯಿ. ಅದೊಂದು ಸಂಜೆ ನಾನು ಸುಮ್ಮನೆ ಬಿರಿಯಾನಿ ತಿಂದು ಬಂದಿದ್ದರೆ ಈ ಲೇಖನವೇ ಇರುತ್ತಿರಲಿಲ್ಲ.

ಮಕ್ಕಳ ಎಲ್ಲ ಆದಾಯವೂ ಹೀಗೆ ತಂದೆತಾಯಿಗೆ ಸೇರುವುದಿಲ್ಲ. ಮೈಮುರಿದು ಮಾಡಿದ ಕೈಕೆಲಸ, ಅಥವಾ ಸ್ವಂತ ಕೌಶಲ, ಪ್ರತಿಭೆ, ವಿಶೇಷ ಜ್ಞಾನದಿಂದ ಬಂದ ಹಣ ಮಗುವಿನದೇ ಆದಾಯ. ನಮ್ಮ ತರಗತಿಯ ಒಬ್ಬಳು ಮೊಬೈಲಿನಲ್ಲೇ ಉರ್ದು ಮತ್ತು ಕನ್ನಡದಲ್ಲಿ ಮದುವೆ ಕಾರ್ಡ್ ವಿನ್ಯಾಸ ಮಾಡಿಕೊಡುತ್ತಾಳೆ, ಕಾರ್ಡಿಗೆ 300 ರೂಪಾಯಿ. ಅದು ಅವಳ ಕೈಯ ಕಲೆ. ಅದು ಅವಳ ಆದಾಯ, ಅವಳ ತಂದೆಗೆ ಸೇರಿಸಬೇಕಿಲ್ಲ. 4 ಲಕ್ಷದ ಮಿತಿ ಅವಳಿಗೆ ಪ್ರತ್ಯೇಕವಾಗಿ ಇದೆ. ಮೆಹಂದಿ ಹಾಕುವವರು, ಬೇಸಿಗೆ ರಜೆಯಲ್ಲಿ ಗ್ಯಾರೇಜಿನಲ್ಲಿ ದುಡಿಯುವ ಹುಡುಗರು ಕೂಡ ಹೀಗೆಯೇ.

ಇದನ್ನು ಕೇಳಿ ನಾನೂ ವಾದ ಹೂಡಿದೆ. "ಸರ್, ಸರ್ವೆ ತುಂಬೋದೂ ಬೆರಳಿನ ಕೆಲಸವೇ ಅಲ್ವಾ? ರಾತ್ರಿ ಹನ್ನೊಂದರವರೆಗೆ ಒತ್ತಿದೀನಿ." ಅವರು ಸ್ವಲ್ಪ ಹೊತ್ತು ಯೋಚಿಸಿಯೇ ಉತ್ತರ ಕೊಟ್ಟರು. ಯಾವ ಸೋಪು ಬಳಸುತ್ತೀರಿ ಎಂಬ ಪ್ರಶ್ನೆಗೆ ಉತ್ತರಿಸುವುದು ಕೌಶಲ ಎಂದು ವಾದಿಸುವುದು ಕಷ್ಟ, ಲಿಂಕ್ ಹಂಚಿದ್ದಕ್ಕೆ ಬಂದ ಹಣವಂತೂ ದುಡಿಮೆ ಎನಿಸುವುದಿಲ್ಲ. ವಾದಕ್ಕೆ ಜಾಗ ಇರುವಲ್ಲಿ ಸುರಕ್ಷಿತ ದಾರಿ ಹಿಡಿಯೋಣ, ಹೇಗೂ ತೆರಿಗೆ ಸೊನ್ನೆ ಎಂದರು. ಅವರು ಹೇಳಿದ್ದೇ ಸರಿ ಅನಿಸಿತು, ಆದರೂ ಆ ಬೆರಳಿನ ನೋವು ನನಗೆ ನೆನಪಿದೆ.

ತಂದೆ ಇಲ್ಲದವರಿಗೆ ತಾಯಿಯ ಆದಾಯಕ್ಕೆ ಸೇರುತ್ತದೆ. ತಂದೆತಾಯಿ ಬೇರೆಯಾಗಿದ್ದರೆ ಯಾರು ಸಾಕುತ್ತಿದ್ದಾರೋ ಅವರಿಗೆ. ಇಬ್ಬರೂ ಇಲ್ಲದ ಮಗುವಿನ ಆದಾಯ ಯಾರಿಗೂ ಸೇರದು, ಅದು ಮಗುವಿನದೇ, ಪೋಷಕರು ಮಗುವಿನ ಪರವಾಗಿ ಲೆಕ್ಕ ಕೊಡುತ್ತಾರೆ. ಕಾಯ್ದೆ ಹೇಳುವ ಮಟ್ಟದ ಅಂಗವೈಕಲ್ಯ ಇರುವ ಮಕ್ಕಳ ಆದಾಯವನ್ನೂ ಕೂಡಿಸುವುದಿಲ್ಲ. ಹಳೆಯ ತೆರಿಗೆ ಪದ್ಧತಿ ಆರಿಸಿಕೊಂಡ ತಂದೆ ಅಥವಾ ತಾಯಿಗೆ ಹೀಗೆ ಕೂಡಿಸಿದ ಆದಾಯದಲ್ಲಿ ಒಂದು ಮಗುವಿಗೆ 1,500 ರೂಪಾಯಿವರೆಗೆ ವಿನಾಯಿತಿ ಇದೆ. ಹೊಸ ಪದ್ಧತಿಯಲ್ಲಿ ಅದೂ ಇಲ್ಲ.

ಯಾವುದು ಆದಾಯ, ಯಾವುದು ಅಲ್ಲ ಎಂಬುದನ್ನು ನನ್ನ ನೋಟ್‌ಬುಕ್ ಇಟ್ಟುಕೊಂಡೇ ಹೇಳುತ್ತೇನೆ, ಏಕೆಂದರೆ ಅದರಲ್ಲಿ ನಾನು ಎಲ್ಲವನ್ನೂ ಕಲಸಿ ಬರೆದಿದ್ದೆ.

ಸರ್ವೆಗೆ ಬಂದ ಗಿಫ್ಟ್ ವೋಚರ್ ಆದಾಯ. ನಗದು ಅಲ್ಲವಲ್ಲ ಎಂದು ಬಿಡುವಂತಿಲ್ಲ. 500ರ ವೋಚರ್ ಎಂದರೆ 500 ರೂಪಾಯಿ. ಗೂಗಲ್ ಒಪಿನಿಯನ್ ರಿವಾರ್ಡ್ಸ್ ಆಂಡ್ರಾಯ್ಡ್ ಫೋನಿನಲ್ಲಿ ಹಣ ಕೊಡದೆ ಪ್ಲೇ ಸ್ಟೋರಿನ ಬ್ಯಾಲೆನ್ಸ್ ಕೊಡುತ್ತದೆ. ಅದಕ್ಕೂ ಬೆಲೆ ಇದೆ, ಉತ್ತರ ಕೊಟ್ಟದ್ದಕ್ಕೇ ಬಂದದ್ದು, ಹಾಗಾಗಿ ಅದನ್ನೂ ಬರೆದುಕೊಂಡೆ. ನಾವು ಏನನ್ನಾದರೂ ಕೊಂಡಾಗ ಬರುವ ಕ್ಯಾಶ್‌ಬ್ಯಾಕ್ ಮಾತ್ರ ಬೇರೆ. 600ರ ಚಪ್ಪಲಿಗೆ 50 ವಾಪಸ್ ಬಂದರೆ ಚಪ್ಪಲಿ 550ಕ್ಕೆ ಸಿಕ್ಕಿತು ಎಂದರ್ಥ. ಅದನ್ನು ಸಾಮಾನ್ಯವಾಗಿ ಬೆಲೆಯಲ್ಲಿ ಬಿಟ್ಟ ರಿಯಾಯಿತಿ ಎಂದೇ ನೋಡುತ್ತಾರೆ.

ಗೆಳತಿಯರು ಐಸ್‌ಕ್ರೀಮಿನ ಪಾಲು ಕಳಿಸಿದ ಹಣ ಆದಾಯವಲ್ಲ. ವಿದ್ಯಾರ್ಥಿವೇತನ ಓದಿನ ಖರ್ಚಿಗೆ ಕೊಟ್ಟದ್ದು, ಅದಕ್ಕೆ ತೆರಿಗೆ ವಿನಾಯಿತಿ ಇದೆ. ಈದಿ? ನಾನು ಇದನ್ನೂ ಕೇಳಿದೆ, ಈ ಬಾರಿ ಅಬ್ಬಾ ಕೂಡ ನಕ್ಕರು. ದಾದಾ, ದಾದಿ, ನಾನಾ, ನಾನಿ, ಚಾಚಾ, ಮಾಮೂ, ಫೂಫಿ, ಖಾಲಾ, ಇವರೆಲ್ಲ ಕಾಯ್ದೆ ಹೇಳುವ ಸಂಬಂಧಿಕರ ಪಟ್ಟಿಯಲ್ಲಿ ಬರುತ್ತಾರೆ. ಅವರು ಕೊಟ್ಟ ಉಡುಗೊರೆ ಎಷ್ಟೇ ಇದ್ದರೂ ತೆರಿಗೆ ಇಲ್ಲ. ವಿಚಿತ್ರವೆಂದರೆ ಚಾಚಾ ಪಟ್ಟಿಯಲ್ಲಿದ್ದಾರೆ, ಅವರ ಮಗ ಇಲ್ಲ. ಆದರೆ ಪಟ್ಟಿಯ ಹೊರಗಿನವರು ಕೊಟ್ಟದ್ದು ವರ್ಷಕ್ಕೆ ಒಟ್ಟು 50,000 ದಾಟಿದರೆ ಮಾತ್ರ ತೆರಿಗೆಯ ಮಾತು ಬರುತ್ತದೆ. ಅಷ್ಟು ಈದಿ ಬರುವವರು ನಮ್ಮ ಕಾಲೇಜಿನಲ್ಲಿ ಇದ್ದರೆ ನನಗೆ ಪರಿಚಯ ಮಾಡಿಸಿ.

ಇನ್ನೂ ತೆಗೆಯದ ಪಾಯಿಂಟು? ಮಾರ್ಚ್ 31ರಂದು ನನ್ನ ಖಾತೆಯಲ್ಲಿ 1,260 ಪಾಯಿಂಟ್ ಉಳಿದಿತ್ತು. ಹಣ ಕೈಗೆ ಬಂದಾಗ ಬರೆಯುವ ಪದ್ಧತಿ ನನ್ನದು, ಅಂದರೆ ನಾವು ಓದುವ ಕ್ಯಾಶ್ ಬೇಸಿಸ್. ಆದ್ದರಿಂದ ಅದು ಈ ವರ್ಷಕ್ಕೆ ಬರಲಿಲ್ಲ. ವೋಚರ್ ಆದಾಗ, ಆ ವರ್ಷದ ಲೆಕ್ಕಕ್ಕೆ. ಆದರೆ ಒಂದು ವರ್ಷ ಹೀಗೆ, ಇನ್ನೊಂದು ವರ್ಷ ಹಾಗೆ ಬರೆಯುವಂತಿಲ್ಲ, ಹಿಡಿದ ಪದ್ಧತಿಯನ್ನೇ ಹಿಡಿದಿರಬೇಕು.

ಖರ್ಚು ಕಳೆಯಬಹುದು, ಆದರೆ ಆ ಆದಾಯಕ್ಕಾಗಿಯೇ ಮಾಡಿದ ಖರ್ಚು ಮಾತ್ರ. ವಿದೇಶದ ತಾಣದಿಂದ ಪೇಪಾಲ್ ಮೂಲಕ ಹಣ ತರಿಸಿಕೊಳ್ಳುವವರಿಗೆ ಅಲ್ಲಿ ಹಿಡಿಯುವ ಶುಲ್ಕ ಅಂಥ ಖರ್ಚು. ನಾನು ಮೊಬೈಲ್ ರೀಚಾರ್ಜ್ ಕಳೆಯಿರಿ ಎಂದೆ. ಅದೇ ರೀಚಾರ್ಜಿನಲ್ಲಿ ರೀಲ್ಸ್ ನೋಡಿಲ್ಲವೇ ಎಂದು ಕೇಳಿದರು. ಸುಮ್ಮನಾದೆ.

ಚಕ್ರ ತಿರುಗಿಸುವ ಆಟದ ಬಗ್ಗೆ ಪ್ರತ್ಯೇಕವಾಗಿ ಹೇಳಬೇಕು. ಅನೇಕ ತಾಣಗಳು ಸರ್ವೆ ಮುಗಿದ ಮೇಲೆ "ಲಕ್ಕಿ ಡ್ರಾ" ಎಂದು ಒಂದು ಚಕ್ರ ತೋರಿಸುತ್ತವೆ. ಅದೃಷ್ಟದ ಮೇಲೆ ಬಂದ ಬಹುಮಾನ ತೆರಿಗೆ ಕಾಯ್ದೆಯಲ್ಲಿ ಲಾಟರಿಯ ಸಾಲಿಗೆ ಸೇರುತ್ತದೆ. ಅದಕ್ಕೆ ನೇರವಾಗಿ ಶೇ. 30 ತೆರಿಗೆ, ಅದರ ಮೇಲೆ ಶೇ. 4 ಸೆಸ್. 4 ಲಕ್ಷದ ಮಿತಿಯೂ ಇಲ್ಲ, 87ಎ ರಿಯಾಯಿತಿಯೂ ಇಲ್ಲ, ಖರ್ಚು ಕಳೆಯುವಂತೆಯೂ ಇಲ್ಲ. ನಾನು 2,000 ರೂಪಾಯಿ ಚಕ್ರದಲ್ಲಿ ಗೆದ್ದಿದ್ದರೆ ಅಬ್ಬಾ 624 ರೂಪಾಯಿ ನಿಜವಾಗಿಯೂ ಕಟ್ಟಬೇಕಾಗುತ್ತಿತ್ತು. ಸರಳವಾದ ಐಟಿಆರ್-1 ಫಾರಂ ಬಿಟ್ಟು ಐಟಿಆರ್-2 ತುಂಬಬೇಕಾಗುತ್ತಿತ್ತು. ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನಂತೂ 2025ರಲ್ಲಿ ಸಂಸತ್ತು ಕಾನೂನು ಮಾಡಿ ನಿಷೇಧಿಸಿದೆ. ನಮ್ಮ ಮನೆಯಲ್ಲಿ ಅದೃಷ್ಟದಾಟದ ದುಡ್ಡು ಮೊದಲೇ ಹರಾಮ್, ಹಾಗಾಗಿ ಆ ಚಕ್ರವನ್ನು ನಾನು ಮುಟ್ಟಿರಲಿಲ್ಲ. ಅಮ್ಮಿ ಹೇಳಿದ್ದು ಕೇಳಿದ್ದರಿಂದ ತೆರಿಗೆಯೂ ಉಳಿಯಿತು.

ಇಲ್ಲಿ ಒಂದು ಎಚ್ಚರಿಕೆ, ಇದು ನಮ್ಮ ಕುಟುಂಬದಲ್ಲಿ ನಡೆದದ್ದು. ನನ್ನ ಖಾಲಾ ಮಗ ಡಿಗ್ರಿ ಓದುತ್ತಾನೆ. ಟೆಲಿಗ್ರಾಂನಲ್ಲಿ ಯಾರೋ ವಿಡಿಯೋಗೆ ಲೈಕ್ ಕೊಟ್ಟರೆ ಹಣ ಎಂದರು. ಮೊದಲು ಎರಡು ಸಲ ನೂರಿಪ್ಪತ್ತು, ನೂರೈವತ್ತು ಬಂತು. ಆಮೇಲೆ ಅವನ ಪರದೆಯ ಮೇಲೆ 12,000 ರೂಪಾಯಿ ಜಮಾ ಎಂದು ಕಾಣಿಸಿತು. ತೆಗೆಯಲು ಹೋದರೆ "ಮೊದಲು ಶೇ. 10 ಟಿಡಿಎಸ್ ಕಟ್ಟಿ" ಎಂಬ ಮೆಸೇಜ್. ಕೆಳಗೆ ಸರ್ಕಾರದ ಮುದ್ರೆಯಂಥ ಚಿತ್ರ. ಅವನು 1,200 ಕಟ್ಟಿದ. ಆಮೇಲೆ ಆ ಗುಂಪೂ ಇಲ್ಲ, ಆ ಪರದೆಯೂ ಇಲ್ಲ. ಅವನು ವಾಣಿಜ್ಯ ಓದಿದವನಲ್ಲ, ನಾವು ಓದುತ್ತಿದ್ದೇವೆ. ಟಿಡಿಎಸ್ ಎಂಬ ಹೆಸರಿನಲ್ಲೇ ಅರ್ಥ ಇದೆ, ಮೂಲದಲ್ಲೇ ಕಡಿತ. ಕೊಡುವವರು ಕೊಡುವ ಹಣದಲ್ಲಿ ಹಿಡಿದುಕೊಂಡು ಉಳಿದದ್ದನ್ನು ಕೊಡುತ್ತಾರೆ. ಪಡೆಯುವವರು ಮುಂಗಡವಾಗಿ ಕಟ್ಟುವ ಟಿಡಿಎಸ್ ಎಂಬುದೇ ಇಲ್ಲ. ಹಾಗೆ ಕೇಳಿದರೆ ಅದು ಮೋಸ. ಕಟ್ಟಿಬಿಟ್ಟಿದ್ದರೆ ತಡಮಾಡದೆ ಸೈಬರ್ ಅಪರಾಧದ ಸಹಾಯವಾಣಿ 1930ಕ್ಕೆ ಕರೆ ಮಾಡಬೇಕು. ನಮ್ಮ ಅಣ್ಣ ನಾಚಿಕೆಯಿಂದ ಯಾರಿಗೂ ಹೇಳದೆ ನಾಲ್ಕು ದಿನ ಕಳೆದ. ಹಣ ಬರಲಿಲ್ಲ.

ಇದೇ ಸಾಲಿನ ಇನ್ನೊಂದು: "ನಿಮ್ಮ ಅಮ್ಮನ ಖಾತೆಗೆ ಹತ್ತು ಸಾವಿರ ಹಾಕುತ್ತೇವೆ, ಒಂಬತ್ತೂವರೆ ಮುಂದಕ್ಕೆ ಕಳಿಸಿ, ಐನೂರು ನಿಮಗೆ." ಇದು ರಿವಾರ್ಡ್ ಅಲ್ಲ. ಬೇರೆ ಯಾರಿಂದಲೋ ಕದ್ದ ಹಣ ಸಾಗಿಸಲು ಖಾತೆ ಬಾಡಿಗೆ ಕೇಳುತ್ತಿದ್ದಾರೆ. ಪೊಲೀಸರು ಹುಡುಕಿಕೊಂಡು ಬರುವುದು ಖಾತೆ ಯಾರ ಹೆಸರಿನಲ್ಲಿದೆಯೋ ಅವರ ಮನೆಗೆ.

ವಿಷಯಕ್ಕೆ ಮರಳುತ್ತೇನೆ. ಅಬ್ಬಾ ಅವರ ರಿಟರ್ನ್ ನಾವು ಮನೆಯಲ್ಲೇ ಸಲ್ಲಿಸಿದೆವು. ಆದಾಯ ತೆರಿಗೆ ಇಲಾಖೆಯ ಪೋರ್ಟಲ್‌ನಲ್ಲಿ ಇದಕ್ಕೆ ಹಣ ಕೊಡಬೇಕಿಲ್ಲ. ಪ್ಯಾನ್ ಮತ್ತು ಆಧಾರ್ ಜೋಡಣೆ ಆಗಿರಬೇಕು, ಆಧಾರ್‌ಗೆ ಕೊಟ್ಟ ಮೊಬೈಲ್ ಕೈಯಲ್ಲಿರಬೇಕು. ಒಳಗೆ ಹೋದ ಮೇಲೆ ಮೊದಲು ವಾರ್ಷಿಕ ಮಾಹಿತಿ ಪಟ್ಟಿ ನೋಡಿದೆವು. ಆಡಿಟರ್‌ಗಳು ಅದನ್ನು ಎಐಎಸ್ ಎನ್ನುತ್ತಾರೆ. ನಮ್ಮ ಪ್ಯಾನ್ ಮೇಲೆ ಯಾರು ಯಾರು ಏನು ವರದಿ ಮಾಡಿದ್ದಾರೆ, ಬ್ಯಾಂಕ್ ಬಡ್ಡಿ ಎಷ್ಟು, ಟಿಡಿಎಸ್ ಎಷ್ಟು, ಎಲ್ಲ ಅಲ್ಲಿ ಕಾಣುತ್ತದೆ. ಅಬ್ಬಾ ಅವರಿಗೆ ಮರೆತೇ ಹೋಗಿದ್ದ ಉಳಿತಾಯ ಖಾತೆಯ 212 ರೂಪಾಯಿ ಬಡ್ಡಿ ಅಲ್ಲಿತ್ತು, ಅದನ್ನೂ ಸೇರಿಸಿದೆವು. ನನ್ನ ಸರ್ವೆ ಹಣ ಅಲ್ಲಿರಲಿಲ್ಲ. ಅಲ್ಲಿ ಇಲ್ಲ ಎಂದ ಮಾತ್ರಕ್ಕೆ ಬಿಡಬಹುದು ಎಂದಲ್ಲ. ಪಟ್ಟಿ ಇಲಾಖೆಗೆ ಗೊತ್ತಾದದ್ದು, ರಿಟರ್ನ್ ನಾವು ಹೇಳುವುದು.

ಸಂಬಳ, ಬಡ್ಡಿ ಮತ್ತು ಇಂಥ ಇತರೆ ಆದಾಯ ಇರುವವರಿಗೆ ಐಟಿಆರ್-1 ಸಾಕು, ಅದಕ್ಕೆ ಸಹಜ್ ಎಂಬ ಹೆಸರೂ ಇದೆ. ಅದರಲ್ಲಿ "ಇತರೆ ಮೂಲಗಳ ಆದಾಯ" ಎಂಬ ಭಾಗಕ್ಕೆ ನನ್ನ 22,440 ಹೋಯಿತು. ವಿವರಣೆಯ ಜಾಗದಲ್ಲಿ ಅಪ್ರಾಪ್ತ ಮಗಳ ಆನ್‌ಲೈನ್ ಸರ್ವೆ ಮತ್ತು ರೆಫರಲ್ ಗಳಿಕೆ ಎಂದು ಇಂಗ್ಲಿಷಿನಲ್ಲಿ ಬರೆದೆವು. ತಂದೆಗೆ ಸ್ವಂತ ಅಂಗಡಿ ಇದ್ದು ಅಂದಾಜು ಲಾಭದ ಪದ್ಧತಿಯಲ್ಲಿ ಲೆಕ್ಕ ಕೊಡುವವರಾದರೆ ಅವರ ಫಾರಂ ಐಟಿಆರ್-4. ಸಲ್ಲಿಸಿದ ಮೇಲೆ 30 ದಿನದೊಳಗೆ ಇ-ವೆರಿಫೈ ಮಾಡಬೇಕು, ಆಧಾರ್ ಒಟಿಪಿ ಹಾಕಿದರೆ ಎರಡು ನಿಮಿಷದ ಕೆಲಸ. ಅದನ್ನು ಮರೆತರೆ ಸಲ್ಲಿಸಿದ್ದಕ್ಕೆ ಬೆಲೆ ಇಲ್ಲ.

ನೋಟ್‌ಬುಕ್ ಹೇಗೆ ಇಟ್ಟೆ ಎಂದು ಕೆಲವರು ಕೇಳಿದ್ದಾರೆ. ಅಂಥ ದೊಡ್ಡ ವಿದ್ಯೆ ಏನಿಲ್ಲ. ಹಣ ಅಥವಾ ವೋಚರ್ ಬಂದ ದಿನಾಂಕ, ಯಾವ ತಾಣ, ಯಾತಕ್ಕೆ ಬಂತು, ಎಷ್ಟು ರೂಪಾಯಿ, ಯಾರ ಖಾತೆಗೆ. ಬಂದ ಇಮೇಲ್ ಅಥವಾ ಮೆಸೇಜಿನ ಸ್ಕ್ರೀನ್‌ಶಾಟ್ ಒಂದು ಫೋಲ್ಡರಿನಲ್ಲಿ. ತಾಣಗಳು ಯಾವಾಗ ಮುಚ್ಚುತ್ತವೆ ಎಂದು ಹೇಳಲಾಗದು, ಮುಚ್ಚಿದ ಮೇಲೆ ಹಳೆಯ ಲೆಕ್ಕ ಸಿಗುವುದಿಲ್ಲ. "ಯಾತಕ್ಕೆ" ಎಂಬ ಕಾಲಂ ಬಿಡಬೇಡಿ. ಸರ್ವೆಯೋ, ರೆಫರಲೋ, ಚಕ್ರವೋ, ವಿನ್ಯಾಸದ ಕೆಲಸವೋ ಎಂಬುದರ ಮೇಲೆಯೇ ಅದು ಯಾರ ಆದಾಯ, ಎಷ್ಟು ತೆರಿಗೆ ಎಂಬುದು ನಿಲ್ಲುತ್ತದೆ ಎಂದು ಮೇಲೆ ನೋಡಿದಿರಿ.

ವಯಸ್ಸು ಸುಳ್ಳು ಹೇಳಿ, ಅಥವಾ ಅಮ್ಮಿಯ ಹೆಸರಿನಲ್ಲೇ ಖಾತೆ ತೆರೆದು ಸರ್ವೆ ತುಂಬುವವರೂ ನಮ್ಮಲ್ಲಿದ್ದಾರೆ. ತಾಣದವರಿಗೆ ಗೊತ್ತಾದರೆ ಪಾಯಿಂಟೆಲ್ಲ ರದ್ದು. ಅದಕ್ಕಿಂತ ಹೆಚ್ಚಾಗಿ, ಕಾಗದದಲ್ಲಿ ಅದು ಅಮ್ಮಿಯ ಗಳಿಕೆಯಾಗಿ ಕಾಣುತ್ತದೆ. ನಾಳೆ ಯಾರಾದರೂ ಕೇಳಿದರೆ ಉತ್ತರ ಕೊಡಬೇಕಾದವರು ಅವರು, ಅವರಿಗೋ ಆ ತಾಣದ ಹೆಸರೂ ಗೊತ್ತಿರುವುದಿಲ್ಲ.

2026ರ ಏಪ್ರಿಲ್ 1ರಿಂದ 1961ರ ಕಾಯ್ದೆಯ ಜಾಗಕ್ಕೆ 2025ರ ಹೊಸ ಆದಾಯ ತೆರಿಗೆ ಕಾಯ್ದೆ ಬಂದಿದೆ. ಪ್ರೀವಿಯಸ್ ಇಯರ್, ಅಸೆಸ್‌ಮೆಂಟ್ ಇಯರ್ ಎಂಬ ಎರಡು ಹೆಸರುಗಳ ಬದಲು ಟ್ಯಾಕ್ಸ್ ಇಯರ್ ಎಂಬ ಒಂದೇ ಹೆಸರು. ಸೆಕ್ಷನ್ ಸಂಖ್ಯೆಗಳೂ ಬದಲಾಗಿವೆ. ನಾನು ಇಲ್ಲಿ ಬರೆದ ಸಂಖ್ಯೆಗಳು 2026ರ ಮಾರ್ಚ್‌ವರೆಗಿನ ಆದಾಯಕ್ಕೆ. ಮಕ್ಕಳ ಆದಾಯವನ್ನು ತಂದೆತಾಯಿಗೆ ಕೂಡಿಸುವ ನಿಯಮ ಹೊಸ ಕಾಯ್ದೆಯಲ್ಲೂ ಉಳಿದಿದೆ.

ಆಡಿಟರ್ ಕಚೇರಿಯಿಂದ ಮನೆಗೆ ಬರುವಾಗ ಬೈಕಿನಲ್ಲಿ ಅಬ್ಬಾ ಏನೂ ಮಾತಾಡಲಿಲ್ಲ. ಮನೆ ಹತ್ತಿರ ಬಂದಾಗ ಮಾತ್ರ, ಉರ್ದುವಿನಲ್ಲಿ, ಇಷ್ಟು ಹಣ ಏನು ಮಾಡಿದೆ ಎಂದು ಕೇಳಿದರು. ಕಾಲೇಜು ಫೀಸಿನ ಎರಡನೇ ಕಂತು ಅಮ್ಮಿ ಕಟ್ಟಿದ್ದು ಅದರಿಂದಲೇ ಎಂದೆ. ಅಮ್ಮಿ ಚೀಟಿಯ ಹಣದಿಂದ ಕಟ್ಟಿದ್ದಾರೆ ಎಂದುಕೊಂಡಿದ್ದರು ಅವರು. ಆಪಾ ಅವರ ಸಾಲದ ಅರ್ಜಿಯ ಜೊತೆ ಈಗ ಸಂಬಳದ ಪ್ರಮಾಣಪತ್ರದ ಬದಲು ಅಬ್ಬಾ ಅವರ ಮೊದಲ ಐಟಿಆರ್‌ನ ಸ್ವೀಕೃತಿ ಪತ್ರ ಇಟ್ಟಿದ್ದೇವೆ.

ಈ ನವೆಂಬರ್‌ನಲ್ಲಿ ನನಗೆ ಹದಿನೆಂಟು ತುಂಬುತ್ತದೆ. ಅಲ್ಲಿಂದ ಬಂದ ಗಳಿಕೆ ಅಬ್ಬಾ ಅವರದಲ್ಲ, ನನ್ನದು. ನೋಟ್‌ಬುಕ್ಕಿನಲ್ಲಿ ಆ ತಾರೀಖಿಗೆ ಕೆಂಪು ಗೆರೆ ಎಳೆದು ಇಟ್ಟಿದ್ದೇನೆ. ನನ್ನ ಹೆಸರಿನಲ್ಲಿ ಪ್ಯಾನ್ ಕಾರ್ಡಿಗೂ ಅರ್ಜಿ ಹಾಕಿದ್ದೇನೆ, ಹದಿನೆಂಟರೊಳಗಿನವರೂ ತಂದೆ ಅಥವಾ ತಾಯಿಯ ಸಹಿಯೊಂದಿಗೆ ಅದನ್ನು ಪಡೆಯಬಹುದು. ಅರ್ಜಿಯಲ್ಲಿ ಅಬ್ಬಾ ಸಹಿ ಹಾಕಿದರು, ಕನ್ನಡದಲ್ಲಿ.